ಹೊಸದಾಗಿ ಬಂದವರಿಗೆ: ಅಂಗಡಿಯಲ್ಲಿ ಬಿದ್ದರೆ ‘ಪರವಾಗಿಲ್ಲ’ ಎನ್ನಬೇಡಿ

ನಾನು ಕ್ಯಾಲಿಫೋರ್ನಿಯಾಕ್ಕೆ ಬಂದು ಇಪ್ಪತ್ತೊಂದು ವರ್ಷವಾಯಿತು. ಪ್ರತಿ ಬೇಸಿಗೆಯಲ್ಲಿ ಸನಿವೇಲ್, ಸಾಂಟಾ ಕ್ಲಾರಾ ಕಡೆಯ ಅಪಾರ್ಟ್‌ಮೆಂಟುಗಳಿಗೆ ಹೊಸ ಕನ್ನಡ ಕುಟುಂಬಗಳು ಬಂದಿಳಿಯುತ್ತವೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕೆಲವು ವಾರಗಳಲ್ಲಿ ಆಗಿಬಿಡುತ್ತವೆ. ಆಫೀಸಿನವರೇ ದಾರಿ ತೋರಿಸುತ್ತಾರೆ. ಯಾರೂ ಹೇಳಿಕೊಡದ ಒಂದು ವಿಷಯವನ್ನು ನಾನು ದುಬಾರಿ ಬೆಲೆ ಕೊಟ್ಟು ಕಲಿತೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

2014ರ ನವೆಂಬರ್. ದೊಡ್ಡ ಅಂಗಡಿಯೊಂದರ ತರಕಾರಿ ವಿಭಾಗ. ಇಲ್ಲಿ ಸೊಪ್ಪು ಬಾಡದಿರಲೆಂದು ಮೇಲಿನ ಕೊಳವೆಯಿಂದ ಆಗಾಗ ತುಂತುರು ಚಿಮ್ಮುತ್ತದೆ. ಕೊತ್ತಂಬರಿ ಕಟ್ಟಿಗೆ ಕೈ ಚಾಚಿದವಳು ಕಾಲು ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಮ್ಯಾನೇಜರ್ ಓಡಿ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು, ‘ಪರವಾಗಿಲ್ಲ, ಏನೂ ಆಗಿಲ್ಲ, ನಾನೇ ನೋಡಿ ನಡೆಯಬೇಕಿತ್ತು’ ಎಂದುಬಿಟ್ಟೆ. ನಮ್ಮ ಮನೆಗಳಲ್ಲಿ ಬಿದ್ದವರೇ ಉಳಿದವರಿಗೆ ಸಮಾಧಾನ ಹೇಳುವುದು ರೂಢಿ. ಅವನು ನನ್ನ ಮಾತನ್ನು ಅಕ್ಷರಕ್ಷರ ಬರೆದುಕೊಂಡ, ನಾನು ಎಡಗೈಯಲ್ಲಿ ಸಹಿ ಹಾಕಿದೆ. ಮೂರು ವರ್ಷಗಳ ನಂತರ, ಅಂಗಡಿಯ ಮೇಲೆ ನಾನು ಹೂಡಿದ ದಾವೆಯಲ್ಲಿ, ಅದೇ ಹಾಳೆಯನ್ನು ದೊಡ್ಡದು ಮಾಡಿ ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂತ ಹನ್ನೆರಡು ಜನ ಸಾಮಾನ್ಯ ನಾಗರಿಕರ, ಮುಂದೆ ಪರದೆಯ ಮೇಲೆ ತೋರಿಸಿದರು.

ಆದ್ದರಿಂದ ಮೊದಲ ಮಾತು. ಬಿದ್ದರೆ ತಪ್ಪು ಯಾರದೆಂದು ಆ ಗಳಿಗೆಯಲ್ಲಿ ನೀವು ತೀರ್ಮಾನಿಸಬೇಡಿ. ನೋವಿದ್ದರೆ ನೋವಿದೆ ಎನ್ನಿ. ನೆಲದ ಫೋಟೊ ತೆಗೆಯಿರಿ, ಕಂಡವರ ಹೆಸರು ಮತ್ತು ನಂಬರ್ ಕೇಳಿ ಇಟ್ಟುಕೊಳ್ಳಿ, ಅಂದೇ ವೈದ್ಯರ ಬಳಿ ಹೋಗಿ, ಕ್ಯಾಮೆರಾ ದೃಶ್ಯ ಅಳಿಸಬಾರದೆಂದು ಅಂಗಡಿಗೆ ಬರವಣಿಗೆಯಲ್ಲಿ ತಿಳಿಸಿ. ದಾವೆ ಹೂಡಲು ಇಲ್ಲಿ ಸಾಮಾನ್ಯವಾಗಿ ಎರಡು ವರ್ಷ ಕಾಲಾವಕಾಶ.

ನೆಲ ಒದ್ದೆಯಿತ್ತು ಎಂದರೆ ಗೆದ್ದೆವು ಎಂದು ನಾನು ಭಾವಿಸಿದ್ದೆ. ಹಾಗಲ್ಲ. ಆ ನೀರು ಅಂಗಡಿಯವರ ಗಮನಕ್ಕೆ ಬರುವಷ್ಟು ಹೊತ್ತು ಅಲ್ಲಿತ್ತು ಎಂಬುದನ್ನು ಬಿದ್ದವರೇ ತೋರಿಸಬೇಕು. ಈ ಭಾರವನ್ನು ತುಸು ಇಳಿಸಿದ್ದು 2001ರಲ್ಲಿ ಕೆಮಾರ್ಟ್ ಎಂಬ ದೊಡ್ಡ ಅಂಗಡಿಯ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಗ್ರಾಹಕರೊಬ್ಬರು ನೆಲದ ಮೇಲೆ ಚೆಲ್ಲಿದ್ದ ಹಾಲಿನಲ್ಲಿ ಜಾರಿದ್ದರು. ಹಾಲು ಎಷ್ಟು ಹೊತ್ತಿನಿಂದ ಬಿದ್ದಿತ್ತೆಂದು ಹೇಳುವವರು ಯಾರೂ ಇರಲಿಲ್ಲ. ಆದರೆ ನೆಲವನ್ನು ಪರಿಶೀಲಿಸಿದ ಲಿಖಿತ ದಾಖಲೆಯೂ ಅಂಗಡಿಯಲ್ಲಿ ಇರಲಿಲ್ಲ. ಎರಡು ಗಂಟೆಯವರೆಗೂ ಬಿದ್ದಿರಬಹುದಿತ್ತು ಎಂದು ಹಿಂದಿನ ಮ್ಯಾನೇಜರೇ ಒಪ್ಪಿಕೊಂಡಿದ್ದ. ತಕ್ಕ ಅವಧಿಯಲ್ಲಿ ಪರಿಶೀಲನೆ ನಡೆದಿಲ್ಲವೆಂದರೆ ಹಾಲು ಸಾಕಷ್ಟು ಹೊತ್ತು ಅಲ್ಲಿತ್ತೆಂದು ಜ್ಯೂರಿ ಊಹಿಸಬಹುದು ಎಂದು ಕೋರ್ಟ್ ಹೇಳಿತು. ನನ್ನ ಪ್ರಕರಣ ನಿಂತದ್ದೂ ಈ ತೀರ್ಪಿನ ಮೇಲೆಯೇ.

ಈಗ ಜ್ಯೂರಿಯ ವಿಷಯ. ನಮಗೆ ಅದರ ಪರಿಚಯವೇ ಇಲ್ಲ. ಭಾರತದಲ್ಲಿ 1959ರ ನಾನಾವತಿ ಪ್ರಕರಣದಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿಯನ್ನು ನಿರ್ದೋಷಿ ಎಂದ ಮೇಲೆ, ಜ್ಯೂರಿಯ ಹೆಸರು ಕೆಟ್ಟಿತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಇಲ್ಲಿ ಬಸ್ ಚಾಲಕ, ಶಿಕ್ಷಕಿ, ನಿವೃತ್ತ ಪ್ಲಂಬರ್ ಹೀಗೆ ಹನ್ನೆರಡು ಜನ ಕೂತು ನಿಮ್ಮ ನೋವಿಗೆ ಡಾಲರಿನಲ್ಲಿ ಬೆಲೆ ಕಟ್ಟುತ್ತಾರೆ. ಸಿವಿಲ್ ಪ್ರಕರಣದಲ್ಲಿ ಒಂಬತ್ತು ಜನ ಒಪ್ಪಿದರೆ ಸಾಕು. ಆಸ್ಪತ್ರೆಯ ಖರ್ಚು, ಕಳೆದುಹೋದ ಸಂಬಳ ಒಂದು ಬಗೆ. ನೋವು, ಬದುಕಿನಲ್ಲಿ ಕಳೆದುಕೊಂಡ ಸುಖ ಇನ್ನೊಂದು ಬಗೆ. ಎರಡನೆಯದಕ್ಕೆ ರಸೀದಿ ಇರುವುದಿಲ್ಲ, ನೀವು ಬಾಯಿ ಬಿಟ್ಟು ಹೇಳಿದರೆ ಮಾತ್ರ ಉಂಟು.

ನಾನು ಹೇಳಲಿಲ್ಲ. ಇದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

‘ಈಗ ಕೈ ಹೇಗಿದೆ?’ ಎಂದು ನನ್ನ ವಕೀಲರು ಕೇಳಿದಾಗ ‘ಹೊಂದಿಕೊಂಡಿದ್ದೇನೆ’ ಎಂದೆ. ‘ಅಡುಗೆ ಮಾಡುತ್ತೀರಾ?’ ಎಂದು ಎದುರಿನವರು ಪಾಟೀಸವಾಲಿನಲ್ಲಿ ಕೇಳಿದಾಗ ‘ಮಾಡುತ್ತೇನೆ’ ಎಂದೆ. ಎರಡೂ ಸುಳ್ಳಲ್ಲ. ಆದರೆ ಕೈಯಲ್ಲಿ ಲೋಹದ ಪಟ್ಟಿ ಮತ್ತು ತಿರುಪುಗಳು ಕೂತ ಮೇಲೆ ನನಗೆ ಅಕ್ಕಿರೊಟ್ಟಿ ತಟ್ಟಲು ಆಗಿಲ್ಲ. ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಅಂಚಿನ ಕಡೆಗೆ ಸರಿಸುವಾಗ ಮಣಿಕಟ್ಟು ಹಿಂದಕ್ಕೆ ಬಾಗಬೇಕು. ನನ್ನದು ಅರ್ಧದಲ್ಲೇ ನಿಲ್ಲುತ್ತದೆ. ನಡುವೆ ದಪ್ಪ, ಅಂಚು ಹರಿದ ರೊಟ್ಟಿಯನ್ನು ತವೆಗೆ ಹಾಕಿ ಒಲೆಯ ಮುಂದೆ ಅತ್ತ ದಿನಗಳಿವೆ. ಆಗ ಮಗಳಿಗೆ ಎಂಟು ವರ್ಷ. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅವಳಿಗೆ ಎರಡು ಜಡೆ ಹಾಕುತ್ತಿದ್ದೆ, ಆ ಹತ್ತು ನಿಮಿಷ ಅವಳು ಕನ್ನಡದಲ್ಲಿ ಹರಟುತ್ತಿದ್ದಳು. ಕೈ ಮುರಿದ ಮೇಲೆ ಅವಳ ಕೂದಲನ್ನು ಭುಜದವರೆಗೆ ಕತ್ತರಿಸಿದೆವು. ಜಡೆಯ ಜೊತೆಗೆ ಆ ಹರಟೆಯೂ ಹೋಯಿತು.

ಇದನ್ನು ಆ ಹನ್ನೆರಡು ಜನಕ್ಕೆ ಹೇಳುವುದೇ? ಅಕ್ಕಿರೊಟ್ಟಿ ಎಂದರೆ ಇವರಿಗೇನು ಗೊತ್ತು, ಜಡೆಗೆ ದುಡ್ಡು ಕೇಳುವುದು ಮರ್ಯಾದೆಯೇ ಎಂದುಕೊಂಡೆ. ಈಗ ಅನ್ನಿಸುತ್ತದೆ, ಅವರ ಮನೆಗಳಲ್ಲಿಯೂ ಹಿಟ್ಟು ನಾದುವವರಿದ್ದರು, ಮಕ್ಕಳ ತಲೆ ಬಾಚುವವರಿದ್ದರು. ಅವರಿಗೆ ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಿದವಳು ನಾನು. ಇಂಗ್ಲಿಷ್ ಬರುತ್ತದೆಂಬ ಅಭಿಮಾನದಿಂದ ದುಭಾಷಿಯೂ ಬೇಡವೆಂದಿದ್ದೆ. ಆಫೀಸಿನ ಇಂಗ್ಲಿಷಿನಲ್ಲಿ ನೋವಿಗೆ ಬೇಕಾದ ಮಾತುಗಳಿರಲಿಲ್ಲ.

ತೀರ್ಪು ಬಂತು. ವೈದ್ಯಕೀಯ ಖರ್ಚಿಗೆ 31,000 ಡಾಲರ್, ನೋವಿಗೆ 9,000. ಅಂದು ನಾನು ಹವಾಯಿ ಚಪ್ಪಲಿ ಹಾಕಿದ್ದೆ, ಫೋನಿನಲ್ಲಿ ಅಮ್ಮನೊಡನೆ ಮಾತನಾಡುತ್ತಿದ್ದೆ; ಆದ್ದರಿಂದ ಶೇಕಡ 40ರಷ್ಟು ತಪ್ಪು ನನ್ನದೆಂದರು. 1975ರಿಂದ ಇಲ್ಲಿ ತಪ್ಪನ್ನು ಹೀಗೆ ಪಾಲು ಮಾಡುತ್ತಾರೆ. ನಲವತ್ತು ಸಾವಿರ ಇಪ್ಪತ್ನಾಲ್ಕಾಯಿತು. ವಿಚಾರಣೆಗೆ ಮುಂಚೆ ಅಂಗಡಿಯವರು 30,000 ಕೊಡುವುದಾಗಿ ಲಿಖಿತವಾಗಿ ಹೇಳಿದ್ದನ್ನು ನಾನು ತಿರಸ್ಕರಿಸಿದ್ದೆ. ಹಾಗೆ ತಿರಸ್ಕರಿಸಿ ಅದಕ್ಕಿಂತ ಕಡಿಮೆ ಪಡೆದವರು ಆ ಪ್ರಸ್ತಾಪದ ನಂತರದ ಎದುರಾಳಿಯ ಕೋರ್ಟ್ ಖರ್ಚನ್ನೂ ಕೊಡಬೇಕು. ವಕೀಲರ ಪಾಲು, ಸಾಕ್ಷಿ ಹೇಳಿದ ವೈದ್ಯರ ಶುಲ್ಕ, ಆರೋಗ್ಯ ವಿಮೆಯವರು ಹಿಂದಕ್ಕೆ ಕೇಳಿದ ಹಣ ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಒಂದು ತಿಂಗಳ ಬಾಡಿಗೆಗೂ ಸಾಲಲಿಲ್ಲ.

‘ಮೇಲಿನ ಕೋರ್ಟಿಗೆ ಹೋಗೋಣ’ ಎಂದೆ. ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತಿದೆ. ಊರಿನಲ್ಲಿ ಬೈಕ್ ಅಪಘಾತವಾದರೆ ನ್ಯಾಯಮಂಡಳಿ ಒಂದಿಷ್ಟು ಪರಿಹಾರ ಕೊಡುತ್ತದೆ; ಸಾಲದೆಂದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ. ಹೈಕೋರ್ಟ್ ಗಾಯ, ಆದಾಯ, ವಯಸ್ಸು ಎಲ್ಲವನ್ನೂ ಮತ್ತೊಮ್ಮೆ ಲೆಕ್ಕ ಹಾಕಿ ಮೊತ್ತ ಹೆಚ್ಚಿಸುವುದುಂಟು. ನನ್ನ ಸೋದರಮಾವನಿಗೆ ಹಾಗೆಯೇ ಹೆಚ್ಚಾಗಿತ್ತು. ಇಲ್ಲಿ ಆ ನಂಬಿಕೆಯನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ. ಇಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ ಸಾಕ್ಷಿ ಇಲ್ಲ, ಹೊಸ ಕಾಗದ ಇಲ್ಲ, ನಿಮ್ಮ ಕೈ ನೋಡುವವರಿಲ್ಲ. ಮೂವರು ನ್ಯಾಯಮೂರ್ತಿಗಳು ಕೆಳಗಿನ ಕೋರ್ಟಿನ ದಾಖಲೆ ಓದಿ, ಕಾನೂನಿನ ತಪ್ಪು ನಡೆದಿದೆಯೇ ಎಂದು ನೋಡುತ್ತಾರೆ. ಜ್ಯೂರಿ ಕಟ್ಟಿದ ಮೊತ್ತವನ್ನು ಅವರು ಮುಟ್ಟಬೇಕಾದರೆ ಅದು ಕಂಡವರ ಮನಸ್ಸಾಕ್ಷಿ ಬೆಚ್ಚುವಂತಿರಬೇಕು, ಆವೇಶದಿಂದಲೋ ಪೂರ್ವಗ್ರಹದಿಂದಲೋ ಹುಟ್ಟಿದಂತೆ ಕಾಣಬೇಕು.

ಆ ಬಾಗಿಲನ್ನೂ ನಾನೇ ಮುಚ್ಚಿಕೊಂಡೆ, ಅದೂ ಎರಡು ಸಲ.

ಮೊದಲನೆಯದು ಕೋರ್ಟ್ ರಿಪೋರ್ಟರ್. ಕೋರ್ಟಿನಲ್ಲಿ ಆಡಿದ ಪ್ರತಿ ಮಾತನ್ನೂ ಯಾರೋ ಬರೆದಿಡುತ್ತಾರೆಂದು ನಾನು ತಿಳಿದಿದ್ದೆ. ಈ ರಾಜ್ಯದ ಅನೇಕ ಕೌಂಟಿಗಳಲ್ಲಿ ಸಿವಿಲ್ ವಿಚಾರಣೆಗೆ ಆ ವ್ಯಕ್ತಿಯನ್ನು ದಿನದ ಲೆಕ್ಕದಲ್ಲಿ ಹಣ ಕೊಟ್ಟು ನಾವೇ ಕರೆಸಬೇಕು. ವಕೀಲರು ಕೇಳಿದರು, ಖರ್ಚು ನೋಡಿ ಬೇಡವೆಂದೆ. ದಾಖಲೆಯಿಲ್ಲದಿದ್ದರೆ ಮೇಲಿನ ಕೋರ್ಟ್ ಕೆಳಗಿನ ತೀರ್ಪು ಸರಿಯೆಂದೇ ಭಾವಿಸುತ್ತದೆ. ಕೋರ್ಟ್ ಶುಲ್ಕ ಕಟ್ಟಲಾಗದೆ ವಿನಾಯಿತಿ ಪಡೆದವರು ಕೇಳಿದರೆ ಉಚಿತವಾಗಿ ಒದಗಿಸಬೇಕೆಂದು 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದವರು ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಮಾತ್ರ ಉಳಿಸಬೇಡಿ.

ಎರಡನೆಯದು ಹದಿನೈದು ದಿನ. ಪರಿಹಾರ ತೀರಾ ಕಡಿಮೆಯಾಯಿತು ಎಂದಾಗಲಿ, ತೀರಾ ಹೆಚ್ಚಾಯಿತು ಎಂದಾಗಲಿ ಹೇಳುವವರು ಮೊದಲು ವಿಚಾರಣೆ ನಡೆಸಿದ ನ್ಯಾಯಾಧೀಶರನ್ನೇ ಹೊಸ ವಿಚಾರಣೆಗಾಗಿ ಕೇಳಬೇಕು. ಸಾಕ್ಷಿಗಳನ್ನು ಕಣ್ಣಾರೆ ಕಂಡವರು ಅವರು. ಮೊತ್ತವನ್ನು ಇಷ್ಟಕ್ಕೆ ಏರಿಸಲು ಕೊಡುವವರು, ಅಥವಾ ಇಳಿಸಲು ಪಡೆಯುವವರು ಒಪ್ಪದಿದ್ದರೆ ಹೊಸ ವಿಚಾರಣೆ ಎನ್ನುವ ಅಧಿಕಾರವೂ ಅವರಿಗಿದೆ. ತೀರ್ಪು ದಾಖಲಾದ ನೋಟಿಸ್ ಕೈಸೇರಿಸಿದ ದಿನದಿಂದ 15 ದಿನ, ಯಾರೂ ಅದನ್ನು ವಿಸ್ತರಿಸುವಂತಿಲ್ಲ. ಹಾಗೆ ಕೇಳದವರು ಮೊತ್ತದ ಬಗ್ಗೆ ಮೇಲ್ಮನವಿಯಲ್ಲಿ ಬಾಯಿ ತೆರೆಯುವಂತಿಲ್ಲ. ವಕೀಲರ ಇಮೇಲ್ ಬಂದಾಗ ನಾನು ತೀರ್ಥಹಳ್ಳಿಯಲ್ಲಿ ಅಪ್ಪನ ಹಾಸಿಗೆಯ ಪಕ್ಕದಲ್ಲಿದ್ದೆ. ‘ಬಂದ ಮೇಲೆ ನೋಡೋಣ’ ಎಂದು ಉತ್ತರಿಸಿದೆ. ಬರುವಷ್ಟರಲ್ಲಿ ಇಪ್ಪತ್ತೆರಡು ದಿನ ಕಳೆದಿತ್ತು. ಮೇಲ್ಮನವಿಗೆ 60 ದಿನವಿತ್ತು, ಹಟ ಹಿಡಿದು ಹಾಕಿದೆ, ಬೇರೆ ವಕೀಲರಿಗೆ ಗಂಟೆಯ ಲೆಕ್ಕದಲ್ಲಿ ಹಣ ತೆತ್ತೆ. ಉತ್ತರ ಚಿಕ್ಕದಿತ್ತು: ಹೊಸ ವಿಚಾರಣೆಗೆ ಕೇಳಿಲ್ಲ, ಮಾತಿನ ದಾಖಲೆಯಿಲ್ಲ, ತೀರ್ಪು ಎತ್ತಿಹಿಡಿಯಲಾಗಿದೆ. ಮೇಲ್ಮನವಿಯ ಖರ್ಚೂ ನನ್ನದೇ.

ಗೆದ್ದವರಿಗೂ ಇಲ್ಲಿ ನೆಮ್ಮದಿ ತಡವಾಗಿ ಬರುತ್ತದೆ. ಅಂಗಡಿಯವರೂ ಮೇಲ್ಮನವಿ ಹಾಕಬಹುದು. ಹಣ ಕೊಡುವುದನ್ನು ತಡೆಹಿಡಿಯಬೇಕಾದರೆ ಅವರು ಸಾಮಾನ್ಯವಾಗಿ ಮೊತ್ತದ ಒಂದೂವರೆ ಪಟ್ಟು ಬಾಂಡ್ ಕೊಡಬೇಕು, ಬಾಕಿಯ ಮೇಲೆ ವರ್ಷಕ್ಕೆ ಶೇಕಡ 10ರ ಬಡ್ಡಿಯೂ ಏರುತ್ತದೆ. ಆಸ್ಪತ್ರೆಯ ದೊಡ್ಡ ಬಿಲ್ ನೋಡಿ ಲೆಕ್ಕ ಹಾಕಿಕೊಳ್ಳಬೇಡಿ. ಹವೆಲ್ ಎಂಬ ಪ್ರಕರಣದಲ್ಲಿ ಬಿಲ್ ಸುಮಾರು 1,90,000 ಡಾಲರ್, ನಿಜವಾಗಿ ಪಾವತಿಯಾದದ್ದು 60,000ಕ್ಕಿಂತ ಕಡಿಮೆ. ಪಾವತಿಯಾದಷ್ಟೇ ಸಿಗಬೇಕೆಂದು 2011ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

‘ಬಂದ ದೇಶದಲ್ಲಿ ಕೇಸು ಹಾಕುವುದೇ?’ ಎಂದು ನಮ್ಮವರೇ ಕೇಳಿದ್ದರು. ಆ ಮಾತು ನನ್ನನ್ನು ಬಹಳ ಕಾಲ ಕುಗ್ಗಿಸಿತ್ತು. ನಾನು ಇಂದಿಗೂ ಗ್ರೀನ್ ಕಾರ್ಡಿನವಳು. ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಿ ಬರಲು ಮನಸ್ಸು ಬಂದಿಲ್ಲ. ಪೌರರಲ್ಲದವರು ಜ್ಯೂರಿಯಲ್ಲಿ ಕೂರುವಂತಿಲ್ಲ, ಆದರೆ ಅದರ ಮುಂದೆ ನಿಂತು ಕೇಳಬಹುದು. ಅತಿಥಿಯ ಹಾಗೆ ಸಂಕೋಚಪಟ್ಟು ನಿಂತದ್ದು ನನ್ನ ತಪ್ಪು. ಕಳೆದ ವರ್ಷ ಮಗಳಿಗೆ ಜ್ಯೂರಿಯ ಕರೆ ಬಂತು. ಅಡುಗೆಮನೆಯ ಮೇಜಿನ ಮೇಲೆ ಆ ಕಾಗದ ಬಿಚ್ಚಿಟ್ಟು ಅವಳು ನನ್ನ ಪ್ರಕರಣದ ಬಗ್ಗೆ ಮೊದಲ ಬಾರಿಗೆ ಕೇಳಿದಳು, ಇಂಗ್ಲಿಷಿನಲ್ಲಿ. ಜಡೆಯ ವಿಷಯ ಹೇಳಿದೆ. ‘ಕೂದಲು ಕತ್ತರಿಸಿದ್ದು ಹೇನಿಗೆ ಎಂದಿದ್ದೆಯಲ್ಲ ಅಮ್ಮಾ’ ಎಂದಳು, ಅದನ್ನು ಮಾತ್ರ ಕನ್ನಡದಲ್ಲಿ.

ಹೋದ ಜನವರಿಯಲ್ಲಿ ಹೊಸದಾಗಿ ಬಂದ ನೆರೆಮನೆಯವರ ತಾಯಿಯೊಡನೆ ದಿನಸಿ ಅಂಗಡಿಗೆ ಹೋಗಿದ್ದೆ. ಹಾಸನದವರು, ಎಪ್ಪತ್ತರ ಆಸುಪಾಸು. ಅಕ್ಕಿಚೀಲಗಳ ಪಕ್ಕ ಚೆಲ್ಲಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಕುಸಿದರು. ಅಂಗಡಿಯವರೂ ಭಾರತದವರೇ, ಗಾಬರಿಯಿಂದ ಓಡಿ ಬಂದರು. ‘ಪರವಾಗಿಲ್ಲಪ್ಪ, ಏನಿಲ್ಲ’ ಎನ್ನುತ್ತ ಅವರು ಸೆರಗು ಸರಿಮಾಡಿಕೊಂಡರು. ನಾನು ಪಕ್ಕದಲ್ಲಿ ಮಂಡಿಯೂರಿ ಎಲ್ಲಿ ನೋವೆಂದು ಕೇಳಿದೆ. ಇಲ್ಲವೆಂದರು. ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ನನ್ನ ಕೈ ಹಿಡಿದು ತಮ್ಮ ಸೊಂಟದ ಎಡಭಾಗಕ್ಕೆ ಒಯ್ದು, ‘ಇಲ್ಲಿ’ ಎಂದರು.