ಉರಿ ಇದ್ದರೂ ಆರುತ್ತಿದ್ದ ಬಾಯ್ಲರ್

ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಡೀಸೆಲ್ ಬಾಯ್ಲರ್ ಹೊತ್ತಿದ ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತಿತ್ತು. ಇಣುಕಿದರೆ ಹಳದಿ ಜ್ವಾಲೆ ಚೆನ್ನಾಗಿಯೇ ಇತ್ತು. ಉರಿಯ ಅತಿನೇರಳೆ (ಯುವಿ) ಕಿರಣ ಗ್ರಹಿಸುವ ಸೆನ್ಸರ್‌ಗೆ ಉರಿ ಕಾಣದಿದ್ದರೆ ಎಣ್ಣೆಯ ವಾಲ್ವ್ ಮುಚ್ಚಿಕೊಳ್ಳುತ್ತದೆ. ಅದರೊಳಗಿನ ಯುವಿ ಟ್ಯೂಬ್ ಬದಲಿಸಿದರೂ ಅದೇ ಕಥೆ. ಸೆನ್ಸರ್ ಬಿಚ್ಚಿ ಮುಂದಿನ ಗಾಜನ್ನು ಬೆರಳಲ್ಲಿ ಹಿಡಿದು ನೋಡಿದೆ: ಅಂಚು ಕೈಯಿಂದ ಕತ್ತರಿಸಿದಂತೆ ಒರಟಾಗಿತ್ತು. ಹಿಂದೆ ಯಾರೋ ಯುವಿ ಕಿರಣ ಹಾಯಲು ಬಿಡುವ ಕ್ವಾರ್ಟ್ಜ್ ಗಾಜಿನ ಬದಲು ಸಾಮಾನ್ಯ ಗಾಜು ಕೂರಿಸಿದ್ದರು. ಈ ಟ್ಯೂಬ್ ಗ್ರಹಿಸುವುದು ಸುಮಾರು 185ರಿಂದ 260 ನ್ಯಾನೊಮೀಟರ್ ಅಲೆಯುದ್ದದ ಕಿರಣಗಳನ್ನು. ನಮಗೆ ತಿಳಿಯಾಗಿ ಕಾಣುವ ಗಾಜು ಅವನ್ನು ತಡೆದುಬಿಡುತ್ತದೆ. ಕ್ವಾರ್ಟ್ಜ್ ಹಾಕಿ, ಸೆನ್ಸರ್ ಉರಿಯನ್ನು ನೋಡುವ ಕೊಳವೆಯ ಮಸಿ ಒರೆಸಿದೆ. ಮಸಿ, ಎಣ್ಣೆಯ ಆವಿ ಎರಡೂ ಈ ಕಿರಣಗಳನ್ನು ನುಂಗುತ್ತವೆ. ಸಿಗ್ನಲ್ ಸ್ಥಿರವಾಯಿತು.

ಸೆನ್ಸರ್ ಬೈಪಾಸ್ ಮಾಡಿ, ಅಂದರೆ ಅದಿಲ್ಲದೆಯೇ ಬಾಯ್ಲರ್ ಓಡಿಸಿ ಎಂದು ಮೇಲ್ವಿಚಾರಕರು ಒತ್ತಾಯಿಸಿದ್ದರು. ನಾನು ಒಪ್ಪಲೇ ಇಲ್ಲ. ಉರಿಯಿಲ್ಲದೆ ಎಣ್ಣೆ ಸುರಿದರೆ ಕುಲುಮೆಯೇ ಸಿಡಿಯಬಹುದು. ಕೊನೆಗೆ, ಉರಿ ಕಾಣದಾದರೆ ಎಣ್ಣೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು, ಬಾಯ್ಲರ್ ಉರಿಯುತ್ತಿರುವಾಗಲೇ ಸೆನ್ಸರ್ ಹೊರತೆಗೆದು ಅದರ ಮುಖ ಮುಚ್ಚಿದೆ. ಎಣ್ಣೆಯ ವಾಲ್ವ್ ತಕ್ಷಣ ಮುಚ್ಚಿಕೊಂಡಿತು.