ಮೆಂಡೋಸಾದಲ್ಲಿ ಒಂದೇ ದ್ರಾಕ್ಷಿ, ಮೂರು ಎತ್ತರ: ವೈನ್ ಸವಿಯುವ ದಿನವನ್ನು ನಾನು ಹೊಂದಿಸುವ ಬಗೆ

ಅರ್ಜೆಂಟೀನಾದ ಪಶ್ಚಿಮದ ಅಂಚಿನಲ್ಲಿ, ಆಂಡೀಸ್ ಪರ್ವತಗಳ ಬುಡದಲ್ಲಿರುವ ಮೆಂಡೋಸಾ ನಗರಕ್ಕೆ ಬರುವ ಪ್ರವಾಸಿಗರಿಗೆ ವೈನಿನ ರುಚಿಯನ್ನು ಪರಿಚಯಿಸುವುದು ನನ್ನ ವೃತ್ತಿ. ಈ ಊರಿನ ಸುತ್ತ ನೂರಾರು ವೈನರಿಗಳಿದ್ದು, ಸ್ಥಳೀಯರು ಅವನ್ನು ಬೊದೇಗ ಎನ್ನುತ್ತಾರೆ. ಬರುವವರಲ್ಲಿ ಅನೇಕರ ಕೈಯಲ್ಲಿ ಒಂದೇ ದಿನದಲ್ಲಿ ಐದಾರು ಬೊದೇಗಗಳನ್ನು ಸುತ್ತುವ ಪಟ್ಟಿ ಇರುತ್ತದೆ. ನಾನು ಅದನ್ನು ಮೂರಕ್ಕೆ ಇಳಿಸುತ್ತೇನೆ. ಆ ಮೂರನ್ನು ಹೆಸರಿನ ಮೇಲೆ ಆರಿಸದೆ, ಅವುಗಳ ತೋಟಗಳು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿವೆ ಎಂಬುದನ್ನು ನೋಡಿ ಆರಿಸುತ್ತೇನೆ. ಮಾಲ್ಬೆಕ್ ಎಂಬ ಒಂದೇ ದ್ರಾಕ್ಷಿಯು ತಗ್ಗಿನಲ್ಲಿ ಒಂದು ಗುಣವನ್ನೂ ಎತ್ತರದಲ್ಲಿ ಬೇರೊಂದು ಗುಣವನ್ನೂ ಪಡೆಯುತ್ತದೆ ಎಂಬುದನ್ನು ನಾಲಿಗೆಯೇ ಕಂಡುಕೊಂಡರೆ, ಮೆಂಡೋಸಾಕ್ಕೆ ಬಂದದ್ದು ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಬೆಳಿಗ್ಗೆ ಮೊದಲು ನಗರದ ಬೀದಿಗಳಲ್ಲಿ ನಡೆಸುತ್ತೇನೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ; ಆದರೂ ಬೀದಿಬೀದಿಗಳಲ್ಲಿ ಮರಗಳ ದಟ್ಟ ನೆರಳಿದೆ. ಪಾದಚಾರಿ ಹಾದಿಯ ಪಕ್ಕದಲ್ಲೇ ಹರಿಯುವ ಅಸೇಕಿಯಾಗಳೆಂಬ ತೆರೆದ ಕಾಲುವೆಗಳು ಪರ್ವತದ ಹಿಮ ಕರಗಿದ ನೀರನ್ನು ಆ ಮರಗಳ ಬುಡಕ್ಕೆ ತಲುಪಿಸುತ್ತವೆ. ಸ್ಪೇನಿನವರು ಬರುವುದಕ್ಕೆ ಮುಂಚೆಯೇ ಈ ನೆಲದ ಹುವಾರ್ಪೆ ಜನರು ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದರು. 1861ರ ಭೂಕಂಪದಲ್ಲಿ ನಗರವು ನೆಲಸಮವಾದ ಮೇಲೆ ಅಗಲವಾದ ಬೀದಿಗಳನ್ನೂ ಚೌಕಗಳನ್ನೂ ಇಟ್ಟು ಹೊಸದಾಗಿ ಕಟ್ಟಿದಾಗಲೂ ಈ ನೀರಿನ ವ್ಯವಸ್ಥೆ ಉಳಿಯಿತು. ದ್ರಾಕ್ಷಿ ಬೆಳೆಯುವುದೂ ಇದೇ ಹಿಮದ ನೀರಿನಿಂದ. ಕಾಲುವೆಯನ್ನು ನೋಡಿದ ಮೇಲೆ ತೋಟಕ್ಕೆ ಹೋದವರು ಬಳ್ಳಿಯನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ.

ಮೊದಲ ನಿಲುಗಡೆ ಸುಮಾರು 800 ಮೀಟರ್ ಎತ್ತರದ ಮೈಪೂ. ಎರಡನೆಯದು ಲುಹಾನ್ ದೆ ಕುಯೋ. ಅಲ್ಲಿನ ತೋಟಗಳು ಹೆಚ್ಚುಕಡಿಮೆ 900ರಿಂದ 1,100 ಮೀಟರ್ ಎತ್ತರದಲ್ಲಿವೆ, ಹಳೆಯ ಬಳ್ಳಿಗಳೂ ಉಳಿದುಕೊಂಡಿವೆ. ಮೂರನೆಯದು ನಗರದಿಂದ ದಕ್ಷಿಣಕ್ಕೆ ಒಂದು ಗಂಟೆಗೂ ಹೆಚ್ಚಿನ ಪ್ರಯಾಣದ ಊಕೋ ಕಣಿವೆ. ಅಲ್ಲಿನ ಗ್ವಾಲ್ತಯಾರಿ ಎಂಬ ಪ್ರದೇಶದಲ್ಲಿ ಸುಮಾರು 1,500 ಮೀಟರ್ ಎತ್ತರದವರೆಗೂ ದ್ರಾಕ್ಷಿ ಬೆಳೆಯುತ್ತಾರೆ. ಅಷ್ಟು ಚಳಿಯಲ್ಲಿ ಹಣ್ಣು ಮಾಗುವುದಿಲ್ಲ ಎಂದು ಅನುಭವಸ್ಥರು ಹೇಳುತ್ತಿದ್ದ ಕಾಲದಲ್ಲಿ, 1992ರಲ್ಲಿ, ಮೆಂಡೋಸಾದ ವೈನ್ ತಯಾರಕ ನಿಕೋಲಾಸ್ ಕಾತೇನಾ ಅಲ್ಲಿ ಬಳ್ಳಿ ನೆಡಿಸಿದರು. ನೂರು ಮೀಟರ್ ಏರಿದಂತೆಲ್ಲ ಉಷ್ಣತೆ ಸುಮಾರು 0.6 ಡಿಗ್ರಿಯಷ್ಟು ಇಳಿಯುತ್ತದೆ. ರಾತ್ರಿಯ ತಂಪಿನಲ್ಲಿ ಹಣ್ಣಿನ ಹುಳಿ ಕರಗಿಹೋಗದೆ ಉಳಿಯುತ್ತದೆ. ಹಗಲಿನ ತೀಕ್ಷ್ಣವಾದ ನೇರಳಾತೀತ ಕಿರಣಗಳಿಗೆ ಸಿಪ್ಪೆ ದಪ್ಪವಾಗಿ, ಅದರಲ್ಲಿ ಬಣ್ಣವೂ ಒಗರೂ ಹೆಚ್ಚುತ್ತವೆ. ಆ ತೋಟಗಳಲ್ಲಿ ಮೈಗೆ ಬಿಳಿ ಸುಣ್ಣ ಹತ್ತಿರುವ ಉರುಟು ಕಲ್ಲುಗಳು ಸಿಗುತ್ತವೆ. ಅವನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು ನೋಡಲು ಹೇಳುತ್ತೇನೆ.

ರುಚಿ ನೋಡುವಾಗ ಸಾಧ್ಯವಾದರೆ ಒಂದೇ ವರ್ಷದ ಮಾಲ್ಬೆಕ್‌ಗಳನ್ನೇ ಕೇಳಿ ಪಡೆಯುತ್ತೇನೆ. ವರ್ಷ ಬೇರೆಯಾದರೆ ಹವಾಮಾನದ ವ್ಯತ್ಯಾಸ ಸೇರಿಕೊಂಡು ಎತ್ತರದ ವ್ಯತ್ಯಾಸ ಮಸುಕಾಗುತ್ತದೆ. ಹೊಸ ಓಕ್ ಪೀಪಾಯಿಯಲ್ಲಿ ಬಹುಕಾಲ ಇಟ್ಟ ವೈನನ್ನು ಕೊನೆಗೆ ಇಡಿಸುತ್ತೇನೆ, ಏಕೆಂದರೆ ಅದರ ಘಮ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಕೋಣೆಯ ಬಿಸಿಗೆ ಬಾಟಲಿ ಬೆಚ್ಚಗಾಗಿದ್ದರೆ ಸಂಕೋಚಪಡದೆ ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ಇಡಿಸಬೇಕು. 16ರಿಂದ 18 ಡಿಗ್ರಿ ಇದ್ದರೆ ಚೆನ್ನ, ಅದಕ್ಕಿಂತ ಬಿಸಿಯಾದರೆ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ. ಗ್ಲಾಸನ್ನು ಬಿಳಿಯ ಕಾಗದದ ಮೇಲೆ ಓರೆಯಾಗಿಸಿ ಅಂಚಿನ ಬಣ್ಣವನ್ನು ನೋಡುವುದು, ಅಲ್ಲಾಡಿಸದೆ ಒಮ್ಮೆ, ಅಲ್ಲಾಡಿಸಿ ಒಮ್ಮೆ ಮೂಸುವುದು, ಆಮೇಲೆ ಒಂದು ಗುಟುಕನ್ನು ಬಾಯಿತುಂಬ ಆಡಿಸುವುದು: ಇಷ್ಟೇ ಕ್ರಮ. ಹುಳಿಯಿದ್ದರೆ ನಾಲಿಗೆಯ ಪಕ್ಕಗಳಲ್ಲಿ ನೀರೂರುತ್ತದೆ, ಒಗರಿದ್ದರೆ ಒಸಡು ಬಿಗಿಯುತ್ತದೆ. ಈ ಎರಡನ್ನು ಗಮನಿಸಿದವರಿಗೆ ಮೈಪೂವಿನ ಮೃದುತ್ವವೂ ಗ್ವಾಲ್ತಯಾರಿಯ ಬಿಗಿಯೂ ನಾನು ಹೇಳದೆಯೇ ತಿಳಿಯುತ್ತವೆ. ಪ್ಲಮ್, ವಯಲೆಟ್ ಹೂವು ಎಂದು ಪುಸ್ತಕದ ಮಾತುಗಳನ್ನು ಹುಡುಕುತ್ತಾ ತಡವರಿಸುವವರಿಗೆ ತಮ್ಮ ಊರಿನ ಹಣ್ಣನ್ನೇ ನೆನೆಯಲು ಹೇಳುತ್ತೇನೆ. ಎಳೆಯ ಮಾಲ್ಬೆಕ್ ಕುಡಿದ ಕನ್ನಡಿಗರೊಬ್ಬರು ಕೂಡಲೇ ನೇರಳೆ ಹಣ್ಣು ಎಂದರು. ಪ್ಲಮ್ ಎಂಬುದಕ್ಕಿಂತ ಅದೇ ಹೆಚ್ಚು ಸರಿಯಾದ ವರ್ಣನೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ರುಚಿ ನೋಡಿದ ವೈನನ್ನು ನುಂಗದೆ ಉಗುಳುವ ಪಾತ್ರೆಯ ವಿಷಯವನ್ನು ನಾನು ಮೊದಲೇ ಮಾತಾಡಿಬಿಡುತ್ತೇನೆ. ನಮ್ಮ ಭಾರತದಿಂದ ಬಂದವರಿಗೆ ಅತಿಥೇಯರೆದುರು, ಅದೂ ಮೇಜಿನ ಬಳಿ ನಿಂತು ಉಗುಳುವುದು ಅಮರ್ಯಾದೆ ಎನ್ನಿಸುತ್ತದೆ. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಕಾಗದದ ಲೋಟ ಕೊಡಿಸುತ್ತೇನೆ. ಲೋಟವನ್ನು ಬಾಯಿಯ ಹತ್ತಿರ ಹಿಡಿದು ಬಿಟ್ಟರೆ ಮುಜುಗರ ಕಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಚುರುಕಾಗಿರಬೇಕಾದರೆ ಇದಕ್ಕೆ ಬೇರೆ ದಾರಿಯಿಲ್ಲ. ಒಣಹವೆಯೂ ಎತ್ತರವೂ ಸೇರಿ ದೇಹದ ನೀರನ್ನು ಬೇಗ ಹೀರುವುದರಿಂದ, ಎರಡು ವೈನ್‌ಗಳ ನಡುವೆ ನೀರು ಕುಡಿಯಲೇಬೇಕು. ವಾಹನವನ್ನು ರುಚಿ ನೋಡದ ಚಾಲಕರೇ ಓಡಿಸಬೇಕು. ಇದರಲ್ಲಿ ನಾನು ಯಾವ ವಿನಾಯಿತಿಯನ್ನೂ ಒಪ್ಪುವುದಿಲ್ಲ.

ಊಟ ಊಕೋ ಕಣಿವೆಯಲ್ಲಿ. ಅರ್ಜೆಂಟೀನಾದವರ ಊಟವೆಂದರೆ ಕೆಂಡದ ಮೇಲೆ ಸುಟ್ಟ ಮಾಂಸ. ಆದರೆ ಮುಂಗಡವಾಗಿ ತಿಳಿಸಿದರೆ ಸಸ್ಯಾಹಾರಿಗಳಿಗೆ ಅರೆದ ಮೆಕ್ಕೆಜೋಳವನ್ನು ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ ಊಮಿತಾ, ಕೆಂಡದಲ್ಲಿ ಸುಟ್ಟ ಪ್ರೊವೊಲೇತಾ ಎಂಬ ಚೀಸ್ ಮತ್ತು ತರಕಾರಿಗಳು ಸಿಗುತ್ತವೆ. ಮೊಟ್ಟೆಯೂ ಬೇಡವೆಂದರೆ ಅದನ್ನು ಬೇರೆಯಾಗಿ ಬರೆದು ತಿಳಿಸಬೇಕು. ಬೊದೇಗಗಳಿಗೆ ಹೇಳದೆ ಹೋದರೆ ಒಳಗೆ ಬಿಡುವುದು ಅಪರೂಪ, ಭಾನುವಾರ ಮುಚ್ಚಿರುವವೂ ಇವೆ. ಮಾರ್ಚ್ ತಿಂಗಳ ಆರಂಭದ ವೆಂದಿಮಿಯಾ ಸುಗ್ಗಿಹಬ್ಬದ ವಾರವಾದರೆ ತಿಂಗಳುಗಳ ಮುಂಚೆಯೇ ಕಾಯ್ದಿರಿಸುವುದು ಒಳ್ಳೆಯದು.

ಬಾಟಲಿ ಕೊಳ್ಳುವಾಗ ಭಾರತದ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ 2 ಲೀಟರ್ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಒಂದೇ ವರ್ಷದ ಎರಡು ಮಾಲ್ಬೆಕ್‌ಗಳನ್ನು, ಲುಹಾನ್‌ನದೊಂದು, ಊಕೋದ್ದೊಂದು, ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಮನೆ ತಲುಪಿದ ಮೇಲೆ ತಂಪಾದ ಕತ್ತಲೆಯ ಜಾಗದಲ್ಲಿ ಎರಡು ವಾರ ಮಲಗಿಸಿಟ್ಟು, ಆಮೇಲೆ ಎರಡನ್ನೂ ಒಂದೇ ಸಂಜೆ ತೆರೆಯಬೇಕು.