ಶುಗರ್ ಟೆಸ್ಟಿನ ಗುಲಾಬಿ ಬಣ್ಣ: ಲ್ಯಾಬ್‌ನ್ಯಾಗಿನ ನನ್ನ ಅನುಭವ

ಗದಗದಾಗ ಲ್ಯಾಬ್ ಟೆಕ್ನಿಶಿಯನ್ ಅದೀನ್ರಿ, ಮುಂಜಾನೆದ್ದು ಅರ್ಧ ಕೆಲಸ ಶುಗರ್ ಟೆಸ್ಟೇ. ನಾವು ಮಾಡೋದು ಗಾಡ್-ಪಾಡ್ ಮೆಥಡ್, ಅಂದ್ರ ಗ್ಲುಕೋಸ್ ಆಕ್ಸಿಡೇಸ್ ಮತ್ತ ಪೆರಾಕ್ಸಿಡೇಸ್, ಎರಡೂ ಎಂಜೈಮ್ ಒಂದೇ ರೀಏಜೆಂಟ್‌ನ್ಯಾಗ (ಟೆಸ್ಟಿಗೆ ಬಳಸೋ ದ್ರಾವಣ) ಇರ್ತಾವು.

ಬ್ಲ್ಯಾಂಕ್ (ಬರೇ ರೀಏಜೆಂಟ್), ಸ್ಟ್ಯಾಂಡರ್ಡ್ (ಗೊತ್ತಿರೋ ಪ್ರಮಾಣದ ಗ್ಲುಕೋಸ್), ಟೆಸ್ಟ್ ಅಂತ ಟ್ಯೂಬ್ ಇಟ್ಟು 1 ಎಂಎಲ್ ರೀಏಜೆಂಟ್ ಹಾಕಿ, ಟೆಸ್ಟ್ ಟ್ಯೂಬಿಗೆ 10 ಮೈಕ್ರೋಲೀಟರ್ ಪ್ಲಾಸ್ಮಾ (ರಕ್ತಕಣ ತಗದ ರಕ್ತದ ತಿಳಿ) ಬಿಡ್ತೀನಿ, ಇಷ್ಟ ಕಡಿಮಿ ಇರೋದಕ್ಕ ಟಿಪ್ಪಿನ ಹೊರಗ ಹತ್ತಿದ್ದನ್ನ ಟಿಶ್ಯೂದಿಂದ ಒರೆಸಲಿಲ್ಲಂದ್ರ ರಿಸಲ್ಟ್ ಸುಮ್ನ ಏರ್ತೈತಿ. 37 ಡಿಗ್ರಿದಾಗ 10 ನಿಮಿಷ ಇಟ್ರ ಬಣ್ಣ ಬರ್ತೈತಿ, ಆ ಬಣ್ಣ ಎಷ್ಟು ಗಾಢ ಐತಿ ಅಂತ 505 ನ್ಯಾನೋಮೀಟರ್ ತರಂಗದ ಬೆಳಕಿನ್ಯಾಗ ಓದ್ತೀವಿ.

ಆ 10 ನಿಮಿಷದಾಗ ಆಗೋದು ಭಾರಿ ಚಂದ ಐತ್ರಿ. ಗ್ಲುಕೋಸ್ ಆಕ್ಸಿಡೇಸ್ ತನ್ನೊಳಗಿನ ಎಫ್‌ಎಡಿ ಅನ್ನೋ ಸಹಾಯಕ ಅಣುವಿನ ಮ್ಯಾಲೆ ಗ್ಲುಕೋಸಿನ ಎರಡು ಹೈಡ್ರೋಜನ್ ಇಳಿಸಿಕೊಂಡು ಆಕ್ಸಿಜನ್‌ಗೆ ದಾಟಿಸ್ತೈತಿ, ಗ್ಲುಕೋಸ್ ಹೋಗಿ ಗ್ಲುಕೋನೋಲ್ಯಾಕ್ಟೋನ್ ಆಗ್ತೈತಿ, ಆಕ್ಸಿಜನ್ ಹೋಗಿ ಹೈಡ್ರೋಜನ್ ಪೆರಾಕ್ಸೈಡ್. ಫ್ರಕ್ಟೋಸ್, ಸಕ್ಕರಿ ಇದ್ರ ಮುಟ್ಟೂದಿಲ್ಲ, ಗ್ಲುಕೋಸಿನ ಆಲ್ಫಾ, ಬೀಟಾ ಅನ್ನೋ ಎರಡು ರೂಪದಾಗೂ ಬೀಟಾನ ಬೇಕು! ನೀರಿನ್ಯಾಗ ಬೀಟಾ ಸುಮಾರು 64 ಪರ್ಸೆಂಟ್, ಉಳಿದ ಆಲ್ಫಾ ತಾನಾಗೇ ನಿಧಾನಕ್ಕ ಬೀಟಾ ಆಗ್ತೈತಿ. ಅದಕ್ಕ ಪುಡಿ ಕರಗಿಸಿ ಸ್ಟ್ಯಾಂಡರ್ಡ್ ಮಾಡಿದ್ರ ಒಂದು ರಾತ್ರಿ ಬಿಟ್ಟೇ ಬಳಸಬೇಕು, ಹೊಸದಾಗಿ ಬರೋ ಹುಡುಗ್ರಿಗೆ ನಾನು ಮೊದಲು ಹೇಳೋದು ಇದನ್ನ.

ಬಣ್ಣ ಕೊಡೋದು ಮಾತ್ರ ಎರಡನೇ ಎಂಜೈಮ್. ಪೆರಾಕ್ಸಿಡೇಸ್ ಆ ಪೆರಾಕ್ಸೈಡ್ ಬಳಸಿ ಫೀನಾಲ್ ಮತ್ತ 4-ಅಮೈನೋಆಂಟಿಪೈರಿನ್ ಕೂಡಿಸಿ ಗುಲಾಬಿ ಕ್ವಿನೋನಿಮೈನ್ ಮಾಡ್ತೈತಿ. ನನ್ನ ಪ್ರಕಾರ ಈ ಮೆಥಡ್‌ನ್ಯಾಗ ಕಣ್ಣಿಡಬೇಕಾದ ಜಾಗ ಇದ ನೋಡ್ರಿ, ಯಾಕಂದ್ರ ರಕ್ತದಾಗ ವಿಟಮಿನ್ ಸಿ ಭಾಳ ಇದ್ರ ಅದು ಪೆರಾಕ್ಸೈಡನ್ನ ನಡುವನ ತಿಂದುಬಿಡ್ತೈತಿ, ಬಣ್ಣ ತಿಳಿ ಆಗಿ ಶುಗರ್ ಕಡಿಮಿ ತೋರಸ್ತೈತಿ.

ಇನ್ನ ಸ್ಯಾಂಪಲ್ ವಿಷಯ. ಮುಂಡರಗಿ, ರೋಣದ ಕಡಿಂದ ಬಸ್ಸಿನ್ಯಾಗ ಬರೋ ರಕ್ತ ಸಾದಾ ಟ್ಯೂಬಿನ್ಯಾಗ ಇದ್ರ ರಕ್ತಕಣಗಳೇ ತಾಸಿಗೆ 5-7 ಪರ್ಸೆಂಟ್ ಗ್ಲುಕೋಸ್ ತಿಂತಾವು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬೇಕು, ಆದ್ರ ಫ್ಲೋರೈಡ್ ಹಿಡಿಯೋದು ರಕ್ತಕಣ ಗ್ಲುಕೋಸ್ ಒಡೆಯೋ ಹಾದಿಯ ಕೊನೆ ಕಡೆ ಬರೋ ಎನೋಲೇಸ್ ಅನ್ನೋ ಎಂಜೈಮನ್ನ, ಮೊದಲ ಒಂದೆರಡು ತಾಸು ಶುಗರ್ ಇಳಿಯೋದು ನಡದೇ ಇರ್ತೈತಿ, ಹಂಗಾಗಿ ಆದಷ್ಟು ಲಗೂನ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬ್ಯಾರೆ ತಗೀರಿ.

ರಿಪೋರ್ಟ್ ಕೈಗೆ ಕೊಡೋಕಿಂತ ಮುಂಚೆ "ಯಕ್ಕಾರ, ವಿಟಮಿನ್ ಸಿ ಡ್ರಿಪ್ ಏನರ ಹಾಕ್ಯಾರೇನ್ರಿ?" ಅಂತ ಕೇಳೇ ಕೇಳ್ತೀನಿ. ಹೌದು ಅಂದ್ರ ಹುಬ್ಬಳ್ಳಿಗೆ ಹೆಕ್ಸೋಕೈನೇಸ್ ಅನ್ನೋ ಬ್ಯಾರೆ ಎಂಜೈಮಿನ ಮೆಥಡ್‌ಗೆ ಕಳಸ್ತೀವಿ, ಅಲ್ಲಿ ಜಿ6ಪಿಡಿ ಎಂಜೈಮ್ ಮಾಡಿದ ಎನ್‌ಎಡಿಪಿಎಚ್ ಅನ್ನೋ ಅಣುವನ್ನ 340 ನ್ಯಾನೋಮೀಟರ್‌ಗೆ ನೇರ ಓದ್ತಾರ, ನಡುವ ಪೆರಾಕ್ಸೈಡೇ ಬರೂದಿಲ್ಲ.